ಡಿಸ್ಕ್ ಹೊಸತು, ನನ್ನ ನುಡಿ ಫಾಂಟ್ ಇದ್ದ ಹಾಗೇ ಉಂಟು

ನಾನು ಪೆರ್ಲದಲ್ಲಿ ಡಿಟಿಪಿ ಕೆಲಸ ಮಾಡೋದು, ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಬಯಲಾಟದ ಹ್ಯಾಂಡ್‌ಬಿಲ್, ಎಲ್ಲ ಕನ್ನಡದ್ದೇ. ತುಲಾ ತಿಂಗಳು ಶುರು ಆಗುವಾಗ ನನ್ನ ಕಂಪ್ಯೂಟರ್ ತೀರಾ ಸುಸ್ತಾಯ್ತು, ಆನ್ ಮಾಡಿ ಚಾ ಕುಡಿದು ಬಂದ್ರೂ ಡೆಸ್ಕ್‌ಟಾಪ್ ಬರ್ತಿರ್ಲಿಲ್ಲ, ಒಳಗಿಂದ ಆಗಾಗ ಕರ್ ಕರ್ ಸದ್ದು ಬೇರೆ. ಮೊದಲು ತೋರಿಸಿದ ಕಡೆ (ಹೆಸರು ಬೇಡ) ಸಿಪಿಯು ಬಾಕ್ಸ್ ಬಿಚ್ಚಿಯೂ ನೋಡದೆ "ಫಾರ್ಮೆಟ್ ಹೊಡೆದು ಹೊಸ ವಿಂಡೋಸ್ ಹಾಕುವ, ಫೋಟೋ ಎಲ್ಲ ಕಾಪಿ ಮಾಡಿ ಕೊಡ್ತೇವೆ" ಅಂದ್ರು. ನನಗೆ ಫೋಟೋ ಅಲ್ಲ ಬೇಕಾದದ್ದು. ಹಳೆ ನುಡಿ ಫಾಂಟಲ್ಲಿ ಪೇಜ್‌ಮೇಕರ್ 7ರಲ್ಲಿ ಮಾಡಿಟ್ಟ ಹದಿನಾಲ್ಕು ವರ್ಷದ ಫೈಲ್ ಉಂಟು, ಆ ಫಾಂಟ್ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಕನ್ನಡ ಹೋಗಿ ತಲೆ ಮೇಲೆ ಗೀಟು ಹಾಕಿದ ಇಂಗ್ಲಿಷ್ ಅಕ್ಷರ ಸಾಲುಸಾಲು ಬರ್ತದೆ. ಸಾಫ್ಟ್‌ವೇರಿನ ಸಿಡಿ ಎಲ್ಲಿ ಹೋಯ್ತೋ ಯಾವ ಕಾಲವಾಯ್ತೋ. ಅಂದ್ರೆ ನನಗೆ ಬೇಕಾದದ್ದು ಇಡೀ ಡಿಸ್ಕ್ ಇದ್ದ ಹಾಗೇ ಇನ್ನೊಂದಕ್ಕೆ ಬರೋದು, ಕ್ಲೋನ್ ಅಂತಾರಲ್ಲ, ಅದು.

ಗುರ್ತದವರೊಬ್ಬರು ಬದಿಯಡ್ಕದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಹೇಳಿದ್ರು, ಮಾಳಿಗೆ ಮೇಲೆ ಒಂದೇ ಕೋಣೆ. ಬಾಕ್ಸ್ ಕೊಂಡೋದದ್ದು ಮಧ್ಯಾಹ್ನ ಮೇಲೆ. ಅಂಗಡಿಯ ಹುಡುಗ ಮೊದಲು ಕಿಟಕಿಯಿಂದ ಆಕಾಶ ನೋಡಿದ, "ಅಣ್ಣ, ಮೋಡ ಆಗಿದೆ, ಈಗ ಸಿಡಿಲು ಬರ್ತದೆ, ಇವತ್ತು ಬೇಡ, ಬಾಕ್ಸ್ ಇಲ್ಲೇ ಇರ್ಲಿ, ನಾಳೆ ಬೆಳಿಗ್ಗೆ ಮಾಡುವ" ಅಂದ. ಇನ್ವರ್ಟರ್ ಇದ್ರೂ ಹಾಗೆ. ನಮ್ಮಲ್ಲಿ ತುಲಾ ಮಳೆಗೆ ಎಷ್ಟು ಮೋಡೆಮ್, ಟಿವಿ ಹೋಗಿಲ್ಲ ಹೇಳಿ, ಆ ಒಂದು ಮಾತಿಗೇ ನನಗೆ ನಂಬಿಕೆ ಬಂತು.

ಮರುದಿನ ಕೂತು ನೋಡಿದೆ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪ್ರೋಗ್ರಾಮ್ ಹಾಕಿ ಡಿಸ್ಕಿನ ಆರೋಗ್ಯ ತೋರಿಸಿದ, ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂತು. ಪೆಂಡಿಂಗ್ ಸೆಕ್ಟರ್ ಅನ್ನೋ ಸಾಲಲ್ಲಿ ಸೊನ್ನೆ ಇರ್ಬೇಕು, ನನ್ನದ್ರಲ್ಲಿ ಇರ್ಲಿಲ್ಲ, ಅಂದ್ರೆ ಕೆಲವು ಜಾಗ ಓದ್ಲಿಕ್ಕೆ ಡಿಸ್ಕಿಗೇ ಆಗ್ತಾ ಇಲ್ಲ. ಹಾಗಾಗಿ ಮೊದಲು ನನ್ನ ಕೆಲಸದ ಫೋಲ್ಡರನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದ, ಕ್ಲೋನ್ ಮಧ್ಯ ಹಳೇದು ಸತ್ರೂ ಇದಾದ್ರೂ ಇರ್ತದೆ ಅಂತ.

ಇನ್ನೊಂದು ವಿಷಯ ಎಲ್ಲರೂ ತಿಳ್ಕೊಳ್ಳಿ. ನನ್ನ ಹಳೇದು 500 ಜಿಬಿ, ಅವನ ಶೆಲ್ಫಲ್ಲಿ ಇದ್ದದ್ದು 480 ಜಿಬಿ ಎಸ್‌ಎಸ್‌ಡಿ, ಅಂದ್ರೆ ಒಳಗೆ ತಿರುಗುವ ಭಾಗ ಇಲ್ಲದ ಹೊಸ ತರದ ಡಿಸ್ಕ್. ಅದನ್ನೇ ಮಾರ್ಬಹುದಿತ್ತು, ಮಾರ್ಲಿಲ್ಲ. ಅವ ಹಾಕುವ ಪ್ರೋಗ್ರಾಮಲ್ಲಿ ಕ್ಲೋನ್ ಮಾಡುವಾಗ ಹೊಸದು ಹಳೇದರಷ್ಟೇ ಅಥವಾ ದೊಡ್ಡದಿರ್ಬೇಕು, ಇಲ್ಲದಿದ್ರೆ ಮೊದಲು ಹಳೇದರ ಪಾರ್ಟಿಷನ್ (ಡಿಸ್ಕಲ್ಲಿ ಮಾಡಿದ ಪಾಲು) ಕುಗ್ಗಿಸ್ಬೇಕು, ಕಾಯಿಲೆ ಬಿದ್ದ ಡಿಸ್ಕಲ್ಲಿ ಆ ಕೆಲಸ ಮಾಡಿಸೋದು ಒಳ್ಳೇದಲ್ಲ ಅಂತ ಕಾಸರಗೋಡಿಂದ 512 ಜಿಬಿಯದ್ದು ತರಿಸಿದ. ಅದಕ್ಕೆ ಒಂದು ದಿನ ಹೋಯ್ತು, ಹೋಗ್ಲಿ.

ಕ್ಲೋನಿಗೆ ಹಾಕಿದ್ದು ಕ್ಲೋನ್‌ಜಿಲ್ಲಾ, ಅದು ಫ್ರೀ, ಪೆನ್‌ಡ್ರೈವಿಂದಲೇ ಬೂಟ್ ಆಗ್ತದೆ, ಅಂದ್ರೆ ಕಂಪ್ಯೂಟರ್ ಅದರಿಂದಲೇ ಶುರು ಆಗ್ತದೆ, ವಿಂಡೋಸ್ ಓಡೋದೇ ಇಲ್ಲ. ನೋಡ್ಲಿಕ್ಕೆ ಚಂದ ಏನಿಲ್ಲ, ಬರೀ ಅಕ್ಷರದ ಸ್ಕ್ರೀನ್, ಯಾವುದರಿಂದ ಯಾವುದಕ್ಕೆ ಅಂತ ಕೇಳುವಾಗ ಉಲ್ಟಾ ಕೊಟ್ರೆ ಖಾಲಿ ಡಿಸ್ಕ್ ಬಂದು ತುಂಬಿದ್ದರ ಮೇಲೆ ಕೂತ್ಕೊಳ್ತದೆ, ಮತ್ತೆ ಯಾರಿಂದಲೂ ಆಗೋದಿಲ್ಲ. ಅವ ಎರಡು ಡಿಸ್ಕಿನ ಸೀರಿಯಲ್ ನಂಬರ್ ಮೊದಲೇ ಚೀಟಿಯಲ್ಲಿ ಬರ್ಕೊಂಡಿದ್ದ, ಸ್ಕ್ರೀನಲ್ಲಿ ಬಂದದ್ದಕ್ಕೆ ಬೆರಳಿಟ್ಟು ಹೋಲಿಸಿ, ನನ್ನ ಹತ್ರವೂ ಒಂದ್ಸಲ ಓದಿಸಿ, ಮತ್ತೆ ಎಂಟರ್ ಒತ್ತಿದ್ದು. ಹಾಳಾದ ಜಾಗ ಸಿಕ್ಕಿದ್ರೆ ನಿಲ್ಲದೆ ಮುಂದೆ ಹೋಗುವ ರೆಸ್ಕ್ಯೂ ಆಪ್ಷನ್ ಹಾಕಿದ್ದ. ಸುಮಾರು 210 ಜಿಬಿ ಡಾಟಾಕ್ಕೆ ಎರಡೂವರೆ ಗಂಟೆ ಹಿಡೀತು.

ಮುಗಿದ ಮೇಲೆ ಹಳೆ ಡಿಸ್ಕಿನ ವಯರ್ ತೆಗೆದು ಹೊಸದರಲ್ಲಿ ಮಾತ್ರ ಆನ್ ಮಾಡಿದ, ಯಾಕಂದ್ರೆ ಸೀರಿಯಲ್ ನಂಬರ್ ಬೇರೆಯಾದ್ರೂ ವಿಂಡೋಸ್ ನೋಡುವ ಗುರುತಿನ ನಂಬರ್ ಎರಡಕ್ಕೂ ಈಗ ಒಂದೇ, ಒಟ್ಟಿಗೆ ಇದ್ರೆ ವಿಂಡೋಸಿಗೆ ಗಲಿಬಿಲಿ. ಅರ್ಧ ನಿಮಿಷದೊಳಗೆ ಡೆಸ್ಕ್‌ಟಾಪ್ ಬಂತು, ಐಕಾನ್ ಕೂಡ ಮೊದಲಿದ್ದ ಜಾಗದಲ್ಲೇ. ಹೊಸದು ದೊಡ್ಡದಾದ್ದರಿಂದ ಕೊನೆಯಲ್ಲಿ ಹೆಚ್ಚಿಗೆ ಉಳಿದ ಜಾಗವನ್ನ (ವಿಂಡೋಸ್ ಲೆಕ್ಕದಲ್ಲಿ 11 ಜಿಬಿ) ಡಿ ಡ್ರೈವಿಗೆ ಸೇರಿಸಿದ.

ಆಮೇಲಿನದ್ದು ನಾನು ಮರೀಲಿಕ್ಕಿಲ್ಲ. ಅವನಿಗೆ ಮಲಯಾಳ, ತುಳು ಬರ್ತದೆ, ಕನ್ನಡ ಮಾತಾಡ್ತಾನೆ, ಓದ್ಲಿಕ್ಕೆ ಬರೋದಿಲ್ಲ. ಆದ್ರೂ ಪ್ರತಿ ವರ್ಷದ ಫೋಲ್ಡರಿಂದ ಒಂದೊಂದು ಫೈಲ್ ತೆರೆದು ಮಾನಿಟರ್ ನನ್ನ ಕಡೆ ತಿರುಗಿಸಿ "ಅಣ್ಣ, ಒತ್ತಕ್ಷರ ಎಲ್ಲ ಸರಿ ಉಂಟಾ, ಜೋರಾಗಿ ಓದಿ" ಅಂದ. ನಾನು ಓದಿದೆ, ಶ್ರೀ ಗಣೇಶಾಯ ನಮಃದಿಂದ ಹಿಡಿದು ತಮ್ಮ ಆಗಮನಾಭಿಲಾಷಿಗಳು ವರೆಗೆ. ಒಂದು ಫೈಲ್ ತೆರೀಲಿಲ್ಲ, ಎಕ್ಸ್‌ಟರ್ನಲ್ಲಿಗೆ ತೆಗೆದ ಕಾಪಿಯಲ್ಲೂ ಇಲ್ಲ, ಹಾಳಾದ ಜಾಗದಲ್ಲೇ ಇತ್ತು ಕಾಣ್ತದೆ. ಅದನ್ನ ಅವನೇ ತೋರಿಸಿ "ಇದೊಂದು ನನ್ನಿಂದ ಆಗ್ಲಿಲ್ಲ" ಅಂತ ಬಿಲ್ಲಿನ ಹಿಂದೆ ಹೆಸರು ಬರೆದು ಕೊಟ್ಟ. ನನಗೆ ಗೊತ್ತೇ ಆಗ್ತಿರ್ಲಿಲ್ಲ, ಸುಮ್ನಿರ್ಬಹುದಿತ್ತು.

ಕೂಲಿ 600 ರೂಪಾಯಿ, ಎಸ್‌ಎಸ್‌ಡಿ ದುಡ್ಡು ಬೇರೆ. ಹಳೆ ಡಿಸ್ಕ್ ಅಳಿಸದೆ ಕವರಿಗೆ ಹಾಕಿ ವಾಪಸ್ ಕೊಟ್ಟಿದ್ದಾನೆ, ಎರಡು ತಿಂಗಳು ಮುಟ್ಟಬೇಡಿ ಅಂದಿದ್ದಾನೆ. ನನ್ನದಿನ್ನೂ ವಿಂಡೋಸ್ 7, ಅದಕ್ಕೆ 2020ರ ಜನವರಿಗೇ ಸಪೋರ್ಟ್ ನಿಂತಿದೆ, ಹಾಗಾಗಿ ಇದಕ್ಕೆ ನೆಟ್ ಕೊಡ್ಬೇಡಿ, ಮೈಲ್ ನೋಡ್ಲಿಕ್ಕೆ ಫೋನ್ ಸಾಕು ಅಂತ ಅದನ್ನೂ ಹೇಳಿದ. ಮೆಟ್ಟಿಲು ಕಿರಿದು, ಬಾಕ್ಸ್ ಹೊತ್ತು ಹತ್ತೋದು ಕಷ್ಟ, ಕೆಳಗಿಂದ ಫೋನ್ ಮಾಡಿದ್ರೆ ಅವನೇ ಇಳಿದು ಬರ್ತಾನೆ. ಶುಕ್ರವಾರ ಮಧ್ಯಾಹ್ನ ಮುಚ್ಚಿರ್ತದೆ, ಬೆಳಿಗ್ಗೆ ಹತ್ತಕ್ಕೇ ಹೋಗಿ.