ಟ್ಯಾಲಿಪ್ರೈಮ್ ಗೋಲ್ಡೋ, ಇಆರ್‌ಪಿನೆಕ್ಸ್ಟೋ? ಸ್ಟೋರ್ ರೂಮಿನಿಂದ ನೋಡಿದ ಹೋಲಿಕೆ

ಹತ್ತು ಹದಿನೈದು ಜನ ಕೆಲಸ ಮಾಡುವ ಪೀಣ್ಯದ ಯಾವುದಾದರೂ ಮಷೀನ್ ಶಾಪನ್ನು ತೆಗೆದುಕೊಳ್ಳಿ. ರಾಡು ತರಿಸುತ್ತಾರೆ, ಟರ್ನಿಂಗ್ ಮಾಡುತ್ತಾರೆ, ಪ್ಲೇಟಿಂಗಿಗೋ ಹೀಟ್ ಟ್ರೀಟ್‌ಮೆಂಟಿಗೋ ಹೊರಗೆ ಕಳಿಸುತ್ತಾರೆ, ವಾಪಸ್ ಬಂದದ್ದನ್ನು ಬಿಲ್ ಮಾಡುತ್ತಾರೆ. ಇಂಥ ಕಡೆ ಲೆಕ್ಕಪತ್ರ, ಸರಕು ನೋಡಿಕೊಳ್ಳುವ ಟ್ಯಾಲಿಪ್ರೈಮ್, ಇಆರ್‌ಪಿನೆಕ್ಸ್ಟ್ ಎಂಬ ಎರಡು ಸಾಫ್ಟ್‌ವೇರ್‌ಗಳಲ್ಲಿ ನನ್ನ ಓಟು ಇಆರ್‌ಪಿನೆಕ್ಸ್ಟ್‌ಗೆ. ದುಡ್ಡು ಉಳಿಯುತ್ತದೆ ಅನ್ನುವ ಕಾರಣಕ್ಕಂತೂ ಅಲ್ಲ. ಸರಕು ಎಲ್ಲಿದೆ, ಯಾರ ಹತ್ತಿರ ಇದೆ, ಅದರ ಬೆಲೆ ಎಷ್ಟಾಯಿತು ಎಂಬುದಕ್ಕೆ ಅದು ಕೊಡುವ ಉತ್ತರ ಟ್ಯಾಲಿ ಕೊಡುವುದಕ್ಕಿಂತ ನಂಬಿಕೆಗೆ ಅರ್ಹ. ಆದರೆ ಆ ಉತ್ತರ ಸುಮ್ಮನೆ ಬರುವುದಿಲ್ಲ, ಅದಕ್ಕೆ ತೆರಬೇಕಾದ ಬೆಲೆಯ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಬೇಕಾಗಿದೆ.

ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಬೆಂಗಳೂರಿನದೇ ಆದ ಟ್ಯಾಲಿಯ ಗೋಲ್ಡ್ ಲೈಸೆನ್ಸ್, ಅಂದರೆ ಒಂದೇ ಲ್ಯಾನ್‌ನಲ್ಲಿ (ಆಫೀಸಿನೊಳಗಿನ ಕಂಪ್ಯೂಟರ್ ಜಾಲದಲ್ಲಿ) ಎಷ್ಟು ಜನ ಬೇಕಾದರೂ ಬಳಸಬಹುದಾದದ್ದು, 67,500 ರೂಪಾಯಿ. 18% ಜಿಎಸ್‌ಟಿ ಸೇರಿದರೆ 79,650. ಮೊದಲ ವರ್ಷ ಕಳೆದ ಮೇಲೆ ಹೊಸ ಆವೃತ್ತಿಗಳು ಸಿಗಬೇಕಾದರೆ ಟಿಎಸ್‌ಎಸ್ ಎಂಬ ವಾರ್ಷಿಕ ಚಂದಾ ನವೀಕರಿಸಬೇಕು, ಅದು ತೆರಿಗೆ ಸೇರಿ ವರ್ಷಕ್ಕೆ 15,930. ಐದು ವರ್ಷಕ್ಕೆ ಒಟ್ಟು 1,43,370 ಆಯಿತು. (ದರ ಆಗಾಗ ಬದಲಾಗುತ್ತದೆ, ಕೊಳ್ಳುವ ಮುನ್ನ ವಿಚಾರಿಸಿ.) ಮುಂಬೈನ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಇರುವುದರಿಂದ ಲೈಸೆನ್ಸಿಗೆ ಸೊನ್ನೆ. ಆದರೆ 4 ಜಿಬಿ ರ‍್ಯಾಮ್ ಇರುವ ಬಾಡಿಗೆ ಸರ್ವರ್‌ಗೆ ತಿಂಗಳಿಗೆ ಎರಡು ಸಾವಿರ ಇಟ್ಟುಕೊಂಡರೂ ಐದು ವರ್ಷಕ್ಕೆ 1,20,000. ಇದರ ಮೇಲೆ ಹಾಕಿಕೊಡುವವರ, ನೋಡಿಕೊಳ್ಳುವವರ ಸಂಬಳ ಸೇರಿಸಿ. ಟ್ಯಾಲಿಯನ್ನು ದಾಟಿ ಹೋಗುತ್ತದೆ. ಪುಕ್ಕಟೆ ಎಂದು ಇದನ್ನು ಆರಿಸಿಕೊಂಡವರೇ ಆರು ತಿಂಗಳಿಗೆ ಕೈಬಿಡುವುದು.

ಬಿಲ್ಲಿಂಗ್, ಲೆಡ್ಜರ್, ಬ್ಯಾಂಕ್ ತಾಳೆ, ಜಿಎಸ್‌ಟಿ ರಿಟರ್ನ್ ಇಷ್ಟರಲ್ಲಿ ಎರಡೂ ಚೆನ್ನಾಗಿಯೇ ಇವೆ. ಎಂಟ್ರಿ ಹಾಕುವ ವೇಗದಲ್ಲಿ ಟ್ಯಾಲಿಗೆ ಸಾಟಿಯಿಲ್ಲ. ಕೀಬೋರ್ಡ್ ಬಿಟ್ಟು ಕೈ ಎತ್ತದೆ ಕೆಲಸ ಮಾಡುವ ಅಕೌಂಟೆಂಟನ್ನು ಇಆರ್‌ಪಿನೆಕ್ಸ್ಟ್ ಓಡುವ ಬ್ರೌಸರ್ ಎದುರು ಕೂರಿಸಿದರೆ ಮೊದಲ ತಿಂಗಳು ಬೈಗುಳ ಖಂಡಿತ.

ಇನ್ನು ಅಸಲು ತೊಡಕಿಗೆ ಬರೋಣ: ಹಿಂದಿನ ತಾರೀಖಿನ ಸ್ಟಾಕ್ ಎಂಟ್ರಿ.

ನಮ್ಮ ಕಡೆ ಸರಕು 3ನೇ ತಾರೀಖು ಬಂದಿಳಿಯುತ್ತದೆ, 4ಕ್ಕೆ ಮಷೀನಿಗೆ ಹೋಗುತ್ತದೆ, ಬಿಲ್ಲು ಕಂಪ್ಯೂಟರಿಗೆ ಏರುವುದು 9ಕ್ಕೆ. ಟ್ಯಾಲಿಗೆ ಇದು ಸಮಸ್ಯೆಯೇ ಅಲ್ಲ. ಎಫ್2 ಒತ್ತಿ ತಾರೀಖು ಬದಲಿಸಿ ಎಂಟ್ರಿ ಹಾಕಿದರೆ ಮುಗಿಯಿತು. ನಡುವೆ ಸ್ಟಾಕ್ ಮೈನಸ್‌ಗೆ ಇಳಿದಿದ್ದರೂ ಬೇಕಿದ್ದರೆ ಒಂದು ಎಚ್ಚರಿಕೆ ಕೊಡುತ್ತದೆ, ತಡೆಯುವುದಿಲ್ಲ. ರಿಪೋರ್ಟ್ ತೆರೆದ ಕ್ಷಣ ಲೆಕ್ಕ ಹೊಸದಾಗಿ ಕಟ್ಟಿಕೊಳ್ಳುವುದರಿಂದ ತಿದ್ದಿದ್ದು ಆಗಲೇ ಕಾಣುತ್ತದೆ.

ಇಆರ್‌ಪಿನೆಕ್ಸ್ಟ್ ಹಾಗಲ್ಲ. ಸರಕಿನ ಪ್ರತಿ ಚಲನೆಗೂ ಸ್ಟಾಕ್ ಲೆಡ್ಜರ್‌ನಲ್ಲಿ ಒಂದು ಸಾಲು ಬರೆದು, ಆ ಹೊತ್ತಿನ ಉಳಿಕೆ ಮತ್ತು ದರವನ್ನು ಅದರಲ್ಲೇ ಅಚ್ಚು ಹಾಕಿಡುತ್ತದೆ. ಜೊತೆಗೇ ಖಾತೆ ಪುಸ್ತಕದಲ್ಲೂ ಅಷ್ಟೇ ಮೊತ್ತದ ಎಂಟ್ರಿ ಬೀಳುತ್ತದೆ. ಒಂದು ಉದಾಹರಣೆ: ಗೋದಾಮಿನಲ್ಲಿ ಕಿಲೋಗೆ 70 ರೂಪಾಯಿಯ 100 ಕಿಲೋ ರಾಡು ಇದೆ. 4ಕ್ಕೆ 60 ಕಿಲೋ ಇಶ್ಯೂ ಆಯಿತು, ಮೌಲ್ಯ 4,200. ಈಗ 9ಕ್ಕೆ ಕೂತು, 3ನೇ ತಾರೀಖಿಗೆ 82 ರೂಪಾಯಿಯ ಇನ್ನೊಂದು 100 ಕಿಲೋ ಒಳಬಂತು ಎಂದು ಹಾಕುತ್ತೀರಿ. ಹಳೆಯ, ಹೊಸ ಸರಕಿನ ದರ ಬೆರೆಸಿ ಸರಾಸರಿ ತೆಗೆಯುವ ಮೂವಿಂಗ್ ಆವರೇಜ್ ಪದ್ಧತಿಯಿದ್ದರೆ ಸರಾಸರಿ ದರ 76 ಆಗಿ, 4ರ ಇಶ್ಯೂ 4,560ಕ್ಕೆ ಏರಬೇಕು. ಆ 360 ರೂಪಾಯಿ ಅಲ್ಲಿಗೇ ನಿಲ್ಲುವುದಿಲ್ಲ. ಆ ರಾಡಿನಿಂದ 5ಕ್ಕೆ ಆದ ಬುಷ್‌ನ ಬೆಲೆ, 7ಕ್ಕೆ ಗಿರಾಕಿಗೆ ಹೋದ ಬುಷ್‌ನ ಖರ್ಚು, ಎಲ್ಲವನ್ನೂ ಸಾಲುಸಾಲಾಗಿ ತಿದ್ದಿ ಬರೆಯಬೇಕು.

ಈ ಕೆಲಸಕ್ಕೆ ರೀಪೋಸ್ಟ್ ಐಟಂ ವ್ಯಾಲ್ಯುಯೇಷನ್ ಎಂಬ ದಾಖಲೆ ತಾನಾಗಿ ಹುಟ್ಟಿ, ಹಿನ್ನೆಲೆಯಲ್ಲಿ ಸರದಿಗೆ ನಿಲ್ಲುತ್ತದೆ. ಅದು ಮುಗಿಯುವವರೆಗೆ ಸ್ಟಾಕ್ ಮೌಲ್ಯ ಒಂದು ಹೇಳಿದರೆ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಇನ್ನೊಂದು ಹೇಳಬಹುದು. ಚಿಕ್ಕ ಸರ್ವರ್‌ನಲ್ಲಿ, ದಿನಕ್ಕೆ ನೂರು ಸಲ ಓಡಾಡುವ ಐಟಮ್ಮಿಗೆ ತಿಂಗಳ ಹಿಂದಿನ ತಾರೀಖು ಹಾಕಿದರೆ ಸಮಯ ಮೀರಿ ಫೇಲ್ ಆಗುವುದೂ ಉಂಟು. ಫೇಲ್ ಆದದ್ದು ಎಂಟ್ರಿ ಹಾಕಿದವನ ಪರದೆಯ ಮೇಲೆ ಕಾಣುವುದಿಲ್ಲ. ಅವನಿಗೆ ಸಬ್ಮಿಟ್ ಆದ ರಸೀದಿ ಕಂಡಿರುತ್ತದೆ, ನಿಶ್ಚಿಂತೆಯಾಗಿ ಮನೆಗೆ ಹೋಗಿರುತ್ತಾನೆ. ಮಾರ್ಚ್ ಕೊನೆಗೆ ಆಡಿಟರು ಕೇಳಿದಾಗಲೇ ಗೊತ್ತಾಗುವುದು.

ಇದಕ್ಕೆ ಮದ್ದು ಇದೆ, ಆದರೆ ಮೊದಲ ದಿನವೇ ಹಾಕಿಕೊಳ್ಳಬೇಕು. ಸ್ಟಾಕ್ ಸೆಟ್ಟಿಂಗ್ಸ್‌ನಲ್ಲಿ ನೆಗೆಟಿವ್ ಸ್ಟಾಕ್ ಅನುಮತಿಯನ್ನು ತೆಗೆದಿಡಿ. ಇಷ್ಟು ದಿನಕ್ಕಿಂತ ಹಳೆಯ ಸ್ಟಾಕ್ ಫ್ರೀಜ್ ಮಾಡು ಎಂಬ ಜಾಗದಲ್ಲಿ 3 ಎಂದು ಬರೆದು, ಅದನ್ನು ಮೀರುವ ಅಧಿಕಾರವನ್ನು ಒಬ್ಬರಿಗೆ ಮಾತ್ರ ಕೊಡಿ. ಆ ಒಬ್ಬರು ಮಾಲೀಕರ ಭಾಮೈದ ಆಗಿರದಿದ್ದರೆ ಒಳ್ಳೆಯದು. ಸ್ಟಾಕ್ ರೀಪೋಸ್ಟಿಂಗ್ ಸೆಟ್ಟಿಂಗ್ಸ್‌ನಲ್ಲಿ ವೇಳೆಯನ್ನು ರಾತ್ರಿ 9ರಿಂದ ಬೆಳಗ್ಗೆ 6ಕ್ಕೆ ಕಟ್ಟಿಹಾಕಿದರೆ ಹಗಲು ಬಿಲ್ಲಿಂಗ್ ನಿಧಾನವಾಗುವುದಿಲ್ಲ. ಬೆಳಗ್ಗೆ ಬಂದವರು ಮೊದಲು ರೀಪೋಸ್ಟ್ ಪಟ್ಟಿ ತೆರೆದು, ಫೇಲ್ಡ್ ಎಂದು ಇರುವುದನ್ನು ತೆಗೆದು ಕಾರಣ ಓದಿ ಮತ್ತೆ ಓಡಿಸಬೇಕು. ತಿಂಗಳಿಗೊಮ್ಮೆ ಸ್ಟಾಕ್ ಅಂಡ್ ಅಕೌಂಟ್ ವ್ಯಾಲ್ಯೂ ಕಂಪ್ಯಾರಿಸನ್ ರಿಪೋರ್ಟ್ ನೋಡಿ, ವ್ಯತ್ಯಾಸ ಇದ್ದರೆ ಅವತ್ತೇ ಹಿಡಿಯಿರಿ. ವರ್ಷದ ಲೆಕ್ಕ ಮುಚ್ಚಿ ಪೀರಿಯಡ್ ಕ್ಲೋಸಿಂಗ್ ಹಾಕಿದ ಮೇಲೆ ಆ ಅವಧಿಗೆ ರೀಪೋಸ್ಟ್ ಆಗುವುದಿಲ್ಲ. ಸರ್ವರ್ ಬದಲಿಸಿದಾಗ, ಬ್ಯಾಕಪ್‌ನಿಂದ ಎತ್ತಿ ನಿಲ್ಲಿಸಿದಾಗ ಶೆಡ್ಯೂಲರ್ (ಹಿನ್ನೆಲೆಯ ಕೆಲಸಗಳನ್ನು ವೇಳೆಗೆ ಸರಿಯಾಗಿ ಓಡಿಸುವ ಭಾಗ) ಓಡುತ್ತಿದೆಯೇ ಎಂದು ಬೆಂಚ್ ಡಾಕ್ಟರ್ ಆಜ್ಞೆ ಕೊಟ್ಟು ನೋಡಿ. ಅದು ನಿಂತಿದ್ದರೆ ಸರದಿ ಬೆಳೆಯುತ್ತಲೇ ಹೋಗುತ್ತದೆ, ಯಾರೂ ಕೂಗಿ ಹೇಳುವುದಿಲ್ಲ.

ಇಷ್ಟೆಲ್ಲ ಕಿರಿಕಿರಿ ಇದ್ದೂ ನಾನು ಅದರ ಕಡೆಗೇ ಯಾಕೆ? ಮೂರು ದಿನದ ಫ್ರೀಜ್ ಬಿದ್ದ ಮೇಲೆ ಸ್ಟೋರಿನವರು ಅಂದಂದಿನ ಎಂಟ್ರಿ ಅಂದಂದೇ ಹಾಕಲು ಕಲಿಯುತ್ತಾರೆ, ಬೇರೆ ದಾರಿ ಇರುವುದಿಲ್ಲ. ಟ್ಯಾಲಿಯಲ್ಲಿ ತಿಂಗಳ ಕೊನೆಗೆ ಒಟ್ಟಿಗೆ ಕೂತು ಹಾಕುವ ಅಭ್ಯಾಸ ಬೆಳೆದುಬಿಡುತ್ತದೆ, ಆಮೇಲೆ ಸ್ಟಾಕ್ ಅಂಕಿಯನ್ನು ಯಾರೂ ನಂಬುವುದಿಲ್ಲ, ರಾಡು ಎಣಿಸಲು ಗೋದಾಮಿಗೇ ಹೋಗುತ್ತಾರೆ.

ಹಾಕಿದ ಬಿಲ್ ತಿದ್ದುವುದರಲ್ಲೂ ಇದೇ ಗುಣಭೇದ. ಟ್ಯಾಲಿಯಲ್ಲಿ ಡೇ ಬುಕ್‌ಗೆ ಹೋಗಿ ವೋಚರ್ ತೆರೆದು ತಿದ್ದಿ ಕಂಟ್ರೋಲ್-ಎ ಒತ್ತಿದರೆ ಆಯಿತು. ಇಆರ್‌ಪಿನೆಕ್ಸ್ಟ್‌ನಲ್ಲಿ ಸಬ್ಮಿಟ್ ಆದದ್ದನ್ನು ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು, ಹಳೆಯ ಸಂಖ್ಯೆಯ ಕೊನೆಗೆ ಅಡ್ಡಗೆರೆ ಮತ್ತು 1 ಸೇರುತ್ತದೆ. ಜಿಎಸ್‌ಟಿ ಬಿಲ್ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ, ಹಾಗಾಗಿ ಸರಣಿಯನ್ನು 14ರೊಳಗೆ ಮುಗಿಸಿ ಆ ಎರಡಕ್ಕೆ ಜಾಗ ಬಿಡಿ. ಇ-ಇನ್‌ವಾಯ್ಸ್ ಆಗಿದ್ದರೆ ಐಆರ್‌ಎನ್ (ಆ ಬಿಲ್‌ಗೆ ಸರಕಾರಿ ಪೋರ್ಟಲ್ ಕೊಡುವ ಸಂಖ್ಯೆ) ರದ್ದು ಮಾಡಲು ಇರುವುದು 24 ಗಂಟೆ, ಆಮೇಲೆ ಕ್ರೆಡಿಟ್ ನೋಟೇ ಗತಿ. ಇದು ಎರಡಕ್ಕೂ ಒಂದೇ ನಿಯಮ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್, ಅಂದರೆ ಯಾವಾಗ ಏನು ತಿದ್ದಿದರು ಎಂಬ ದಾಖಲೆ, ಕಡ್ಡಾಯ ಎಂಬುದನ್ನು ಮರೆಯಬೇಡಿ. ಟ್ಯಾಲಿಯಲ್ಲಿ ಎಡಿಟ್ ಲಾಗ್ ಆವೃತ್ತಿ ಹಾಕಿಸಿಕೊಳ್ಳಿ. ಇಆರ್‌ಪಿನೆಕ್ಸ್ಟ್‌ನಲ್ಲಿ ಇಂಡಿಯಾ ಕಂಪ್ಲಯನ್ಸ್ ಎಂಬ ಪ್ರತ್ಯೇಕ ಆ್ಯಪ್ ಹಾಕಿ ಅದರ ಆಡಿಟ್ ಟ್ರೇಲ್ ಆನ್ ಮಾಡಿ. 14ನೇ ಆವೃತ್ತಿಯಿಂದ ಜಿಎಸ್‌ಟಿಯ ಸಕಲವೂ ಆ ಆ್ಯಪಿನಲ್ಲೇ ಇದೆ.

ಜಾಬ್‌ವರ್ಕ್, ಅಂದರೆ ಹೊರಗೆ ಕಳಿಸಿ ಮಾಡಿಸುವ ಕೆಲಸದ ಲೆಕ್ಕ, ಎರಡರಲ್ಲೂ ಇದೆ. ಪ್ಲೇಟಿಂಗಿನವರ ಹತ್ತಿರ ಎಷ್ಟು ಪೀಸು ಉಳಿದಿದೆ ಎಂದು ತಿಳಿಯಲು ಇಆರ್‌ಪಿನೆಕ್ಸ್ಟ್‌ನಲ್ಲಿ ಅವರ ಹೆಸರಿನದೇ ಒಂದು ಗೋದಾಮು ಮಾಡಿ, ಸಬ್‌ಕಾಂಟ್ರ್ಯಾಕ್ಟಿಂಗ್ ಆರ್ಡರ್‌ನಿಂದ ಸರಕು ಕಳಿಸಿ, ವಾಪಸ್ ಬಂದಾಗ ರಿಸೀಟ್ ಹಾಕಿದರೆ ಸಾಕು. ಸರಕು ಒಂದು ವರ್ಷದೊಳಗೆ ಮರಳಿ ಬರಬೇಕೆಂಬ ನಿಯಮ ಇರುವುದರಿಂದ ಈ ಲೆಕ್ಕ ಬರಿಯ ಅನುಕೂಲದ ಮಾತಲ್ಲ.

ಬ್ಯಾಕಪ್: ಟ್ಯಾಲಿಯದು ಒಂದು ಫೋಲ್ಡರ್, ಕಾಪಿ ಮಾಡಿದರೆ ಮುಗಿಯಿತು. ಇಆರ್‌ಪಿನೆಕ್ಸ್ಟ್‌ನಲ್ಲಿ ಫೈಲ್‌ಗಳನ್ನೂ ಸೇರಿಸು ಎಂದು ಹೇಳದಿದ್ದರೆ ಡೇಟಾಬೇಸ್ ಮಾತ್ರ ಬರುತ್ತದೆ, ಲಗತ್ತಿಸಿದ ಬಿಲ್‌ಗಳ ಸ್ಕ್ಯಾನ್ ಬರುವುದಿಲ್ಲ. ಸೈಟ್ ಕಾನ್ಫಿಗ್ ಫೈಲಿನಲ್ಲಿರುವ ಎನ್‌ಕ್ರಿಪ್ಷನ್ ಕೀಯನ್ನೂ ತೆಗೆದಿಡಿ, ಅದಿಲ್ಲದೆ ಹೊಸ ಸರ್ವರ್‌ನಲ್ಲಿ ಇಮೇಲ್ ಮತ್ತು ಇ-ಇನ್‌ವಾಯ್ಸ್ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಚಲನ್ ಕನ್ನಡದಲ್ಲಿ ಮುದ್ರಿಸುವವರು ಸರ್ವರ್‌ನಲ್ಲಿ ಕನ್ನಡ ಫಾಂಟ್ ಹಾಕಿಸಿ, ಇಲ್ಲದಿದ್ದರೆ ಪಿಡಿಎಫ್ ತುಂಬ ಚೌಕಗಳೇ.

ಆಡಿಟರ ವಿಷಯದಲ್ಲಿ ಟ್ಯಾಲಿ ಗೆಲ್ಲುತ್ತದೆ, ವಾದವಿಲ್ಲ. ಅವರ ಹುಡುಗರಿಗೆ ಗೊತ್ತಿರುವುದು ಅದೇ. ಇಆರ್‌ಪಿನೆಕ್ಸ್ಟ್ ಹಾಕಿಸಿದರೆ ಅವರಿಗೊಂದು ಓದುವ ಲಾಗಿನ್ ಕೊಡಿ, ಟ್ರಯಲ್ ಬ್ಯಾಲೆನ್ಸನ್ನು ಎಕ್ಸೆಲ್‌ನಲ್ಲಿ ಕಳಿಸಿ. ಮೊದಲ ವರ್ಷ ಗೊಣಗುತ್ತಾರೆ.

ಹಾಗಾದರೆ ಟ್ಯಾಲಿ ಯಾರಿಗೆ? ವ್ಯಾಪಾರ ಮಾತ್ರ ಮಾಡುವವರಿಗೆ, ಒಬ್ಬರೇ ಅಕೌಂಟೆಂಟ್ ಇರುವ ಆಫೀಸಿಗೆ. ಅಂಥವರಿಗೆ ಗೋಲ್ಡೂ ಬೇಡ, ತೆರಿಗೆ ಸೇರಿ 26,550ರ, ಒಬ್ಬರೇ ಬಳಸುವ ಸಿಲ್ವರ್ ಲೈಸೆನ್ಸ್ ಸಾಕು. ಸರ್ವರ್ ನೋಡಿಕೊಳ್ಳಲು ಕರೆದಾಗ ಬರುವ ಒಬ್ಬ ಮನುಷ್ಯ ಸಿಗದ ಊರಿನಲ್ಲೂ ಟ್ಯಾಲಿಯೇ ಸರಿ.

ಇಆರ್‌ಪಿನೆಕ್ಸ್ಟ್‌ಗೆ ಹೋಗುವುದಾದರೆ ಏಪ್ರಿಲ್ 1ಕ್ಕೆ ಕಾಯಿರಿ. ಮಾರ್ಚ್ 31ರ ಸಂಜೆ ಗೋದಾಮು ಎಣಿಸಿ, ಸ್ಟಾಕ್ ರೀಕನ್ಸಿಲಿಯೇಷನ್‌ನಲ್ಲಿ ಓಪನಿಂಗ್ ಸ್ಟಾಕ್ ಎಂದು ಏರಿಸಿ. ಬರಬೇಕಾದ, ಕೊಡಬೇಕಾದ ಬಿಲ್‌ಗಳನ್ನು ಒಟ್ಟು ಮೊತ್ತವಾಗಿ ಹಾಕದೆ ಒಂದೊಂದಾಗಿ ಹಾಕಿ, ಉಳಿದ ಖಾತೆಗಳನ್ನು ಜರ್ನಲ್‌ನಿಂದ ತನ್ನಿ. ಎಲ್ಲ ಸರಿಯಾಗಿ ಬಂದಿದ್ದರೆ ಟೆಂಪರರಿ ಓಪನಿಂಗ್ ಖಾತೆ ಸೊನ್ನೆ ತೋರಿಸುತ್ತದೆ. ಸೊನ್ನೆ ಆಗುವವರೆಗೆ ಹೊಸದರಲ್ಲಿ ಒಂದು ಬಿಲ್ಲೂ ಹೊಡೆಯಬೇಡಿ.