ಒಂದು ಹಂಡೆ ನೀರು, ಒಂದು ಎಪಿಸೋಡು: ಅನಿಮೆ ಆ್ಯಪ್ ಜೊತೆ ಎರಡು ವರ್ಷ

ಹಾಡನ್ನು ಮುಗಿಯಲು ಬಿಡದ ಆ್ಯಪೊಂದಕ್ಕೆ ಎರಡು ವರ್ಷದಿಂದ ದುಡ್ಡು ಕಟ್ಟುತ್ತಿದ್ದೇನೆ. ಮೊದಲು ಆ ಸಿಟ್ಟು ತೀರಿಸಿಕೊಳ್ಳುತ್ತೇನೆ, ಉಳಿದದ್ದು ಆಮೇಲೆ.

ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡುವವರಿಗೆ ಗೊತ್ತೇ ಇದೆ. ಟಿವಿ ಸರಣಿಯ ಒಂದು ಭಾಗ ಅಂದರೆ ಹೆಚ್ಚುಕಡಿಮೆ 24 ನಿಮಿಷ. ಶುರುವಿಗೆ ಒಂದೂವರೆ ನಿಮಿಷದ ಹಾಡು, ಕೊನೆಗೂ ಒಂದೂವರೆ ನಿಮಿಷದ ಹಾಡು. ಆ ಕೊನೆ ಹಾಡು ಬಾಯಿ ತೆರೆದಿತೋ ಇಲ್ಲವೋ, ಈ ಆ್ಯಪ್ ಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿ ಮೂಲೆಗೆ ತಳ್ಳುತ್ತದೆ. 'ಮುಂದಿನ ಭಾಗ 5 ಸೆಕೆಂಡಿನಲ್ಲಿ' ಎಂದು ಎಣಿಸಲು ಶುರು ಮಾಡುತ್ತದೆ. ಅಷ್ಟರೊಳಗೆ ಸರಿಯಾದ ಜಾಗಕ್ಕೆ ಬೆರಳು ಒತ್ತಬೇಕು. ಕೈ ಮಸಿಯಾಗಿದ್ದರೆ ಕಥೆ ಮುಗಿಯಿತು.

ಕೈ ಯಾಕೆ ಮಸಿ ಅಂದರೆ, ನಾನು ಅನಿಮೆ ನೋಡುವುದು ಬಚ್ಚಲ ಒಲೆ ಮುಂದೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಹಳ್ಳಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಸಂಜೆ ಬಾಡಿಗೆ ಮನೆಗೆ ಬಂದವಳೇ ಒಲೆಗೆ ಒಣಗಿದ ಅಡಿಕೆ ಸಿಪ್ಪೆ ತುರುಕಿ, ಮೇಲೆ ಎರಡು ಕೊರಡು ಇಟ್ಟು ಬೆಂಕಿ ಹಚ್ಚುತ್ತೇನೆ. ಮಳೆಗಾಲದಲ್ಲಿ ಸಿಪ್ಪೆ ತಂಡಿ ಹಿಡಿದಿರುತ್ತದೆ, ಊದಿ ಊದಿ ಕಣ್ಣು ಕೆಂಪಗಾಗುತ್ತದೆ. ಹತ್ತಿಕೊಂಡ ಮೇಲೆ ಮಣೆ ಎಳೆದುಕೊಂಡು ಕೂರುತ್ತೇನೆ. ಫೋನನ್ನು ಸೋಪಿನ ಗೂಡಿಗೆ ಒರಗಿಸುತ್ತೇನೆ. ಪಕ್ಕದಲ್ಲಿ ಒಂದು ಲೋಟ ಕಷಾಯ. ಹಂಡೆಯ ನೀರು ಸ್ನಾನಕ್ಕೆ ಹದವಾಗುವುದಕ್ಕೂ ಒಂದು ಎಪಿಸೋಡು ಮುಗಿಯುವುದಕ್ಕೂ ಸರಿಹೋಗುತ್ತದೆ. ಜಪಾನಿನವರು ನನ್ನ ಹಂಡೆ ಅಳತೆ ತೆಗೆದುಕೊಂಡೇ ಸಮಯ ಇಟ್ಟಿದ್ದಾರೇನೋ ಅನ್ನಿಸುವಷ್ಟು.

ಈ 24 ನಿಮಿಷ ಬಿಟ್ಟರೆ ದಿನದಲ್ಲಿ ನನ್ನದು ಅಂತ ಏನೂ ಇಲ್ಲ. ಪಾಠ ಮಾಡುವುದು ಸುಲಭದ ಭಾಗ. ಬಿಸಿಯೂಟದ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು, ನೆಟ್‌ವರ್ಕ್ ಸಿಕ್ಕಾಗ ಆನ್‌ಲೈನ್ ಎಂಟ್ರಿ. 2024ರಿಂದ ಎಸ್ಎಸ್ಎಲ್‌ಸಿಗೆ ವರ್ಷಕ್ಕೆ ಎರಡು-ಮೂರು ಪರೀಕ್ಷೆ. ಮಕ್ಕಳಿಗೆ ಒಳ್ಳೆಯದೇ, ಒಂದು ವರ್ಷ ಉಳಿಯುತ್ತದೆ. ನಮಗೆ ಮಾತ್ರ ಬೇಸಿಗೆ ರಜೆ ಅನ್ನುವುದು ಗೋಡೆ ಕ್ಯಾಲೆಂಡರಿನಲ್ಲಿ ಉಳಿದಿದೆ.

ಹಾಗಾಗಿ ಆ್ಯಪಿನ ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಸರಣಿ ಇದೆ ಅಂತೆಲ್ಲ ನಾನು ಬರೆಯುವುದಿಲ್ಲ. ತಿಂಗಳಿಗೆ ಎರಡು ತೆಂಗಿನಕಾಯಿ ದುಡ್ಡು, ಅಷ್ಟಕ್ಕೆ ಧಾರಾಳ ಸಿಗುತ್ತದೆ. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಇದೆ. ಕನ್ನಡ ಇಲ್ಲ. ಅದನ್ನು ಹೇಳಿ ಹೇಳಿ ಬಾಯಿ ನೋವು, ಬಿಡಿ.

ಮೊದಲ ಆರು ತಿಂಗಳು ಆ ಐದು ಸೆಕೆಂಡಿನ ವಿಷಯ ನನಗೆ ತೊಂದರೆ ಅಂತಲೇ ಅನ್ನಿಸಿರಲಿಲ್ಲ. ತೊಂದರೆ ತೋರಿಸಿಕೊಟ್ಟವರು ಪಕ್ಕದ ಮನೆಯ ಮೇಡಂ.

ಮೇಡಂ ನಮ್ಮ ಶಾಲೆಯ ಗಣಿತದ ಟೀಚರ್. ಹತ್ತು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಒಂಬತ್ತನೇ ಕ್ಲಾಸಿನಿಂದ ಅಳುತ್ತಾ ಹೊರಗೆ ಬಂದವಳಿಗೆ ಏನೂ ಕೇಳದೆ ತಮ್ಮ ಡಬ್ಬಿಯ ಅರ್ಧ ಕಡುಬು ಕೊಟ್ಟವರು. ಆಮೇಲೆ ಒಂದೇ ಮಾತು ಹೇಳಿದ್ದರು. "40 ನಿಮಿಷನೂ ಪಾಠ ಮಾಡ್ಬೇಡ ಮಾರಾಯ್ತಿ. ಕೊನೆ ಐದು ನಿಮಿಷ ಸುಮ್ನೆ ಬಿಡು. ಮಕ್ಕಳು ಏನು ಕೇಳ್ತಾರೋ ಅದು ಆಗಲೇ ಕೇಳೋದು." ನಾನು ನಂಬಿರಲಿಲ್ಲ. ಮಾಡಿ ನೋಡಿದ ಮೇಲೆ ಬಿಟ್ಟಿಲ್ಲ.

ಒಂದು ಸಂಜೆ ಕರೆಂಟು ಹೋಗಿತ್ತು. ನಮ್ಮಲ್ಲಿ ಜುಲೈಯಲ್ಲಿ ಕರೆಂಟು ಬಂದರೆ ಸುದ್ದಿ. ಮೇಡಂ ಕೆಂಡ ಕೇಳಲು ಬಂದವರು ಅಲ್ಲೇ ಇನ್ನೊಂದು ಮಣೆ ಎಳೆದುಕೊಂಡು ಕೂತರು. ಅವತ್ತಿನ ಭಾಗದಲ್ಲಿ ಹುಡುಗಿಯೊಬ್ಬಳು ಬೆಟ್ಟದ ಮೇಲೆ ಕೂತು ಅನ್ನದ ಉಂಡೆ ತಿನ್ನುತ್ತಿದ್ದಳು. ಒಳಗೆ ಉಪ್ಪಿನಲ್ಲಿ ಹಾಕಿಟ್ಟ ಕೆಂಪು ಹುಳಿಹಣ್ಣು. "ಇದೇನು, ನಮ್ಮ ಅಪ್ಪೆಮಿಡಿ ಅನ್ನ ಅಲ್ವಾ?" ಎಂದರು. ಅಲ್ಲಿಂದ ದಿನಾ ಬಂದರು.

ಅವರ ಕಿವಿ ಬಲು ಚುರುಕು. ತೆರೆಯ ಮೇಲೆ ತಂಗಿ 'ಓನೀಚಾನ್' ಎನ್ನುತ್ತಾಳೆ, ಕೆಳಗೆ ಇಂಗ್ಲಿಷ್ ಸಾಲಿನಲ್ಲಿ ಹುಡುಗನ ಹೆಸರು ಬರುತ್ತದೆ. "ಅಣ್ಣ ಅಂತ ತಾನೇ ಕರೆದಿದ್ದು? ಹೆಸರು ಯಾಕೆ ಹಾಕಿದ್ದಾರೆ?" ಇಂಗ್ಲಿಷಿನಲ್ಲಿ ಅಣ್ಣನನ್ನು ಅಣ್ಣ ಅಂತ ಕರೆಯುವುದಿಲ್ಲವಲ್ಲ, ಪಾಪ. ಇನ್ನೊಂದು ದಿನ, "ಇವರೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಇಡ್ತಾರೆ ಕಣೆ" ಎಂದು ಕಂಡುಹಿಡಿದರು. ನಿಜ. ಪಾತ್ರ ಮಾತು ಮುಗಿಸುವ ಮೊದಲೇ ಇಂಗ್ಲಿಷ್ ಸಾಲು ಗುಟ್ಟು ಬಿಟ್ಟುಕೊಡುತ್ತದೆ. ಮಕ್ಕಳೇ ಕ್ಲಾಸ್ ರೂಮು ಗುಡಿಸಿ ಒರೆಸುವ ದೃಶ್ಯ ಬಂದಾಗ ಮಾತ್ರ ನಕ್ಕುಬಿಟ್ಟರು. "ನಾವು ಪೊರಕೆ ಕೊಟ್ರೆ ನಾಳೆ ಪೇಪರಲ್ಲಿ ನಮ್ಮ ಫೋಟೋ!"

ಮೊದಲ ದಿನವೇ ಹಾಡು ಮೂಲೆಗೆ ಹೋದಾಗ ಅವರು ಕೇಳಿದ್ದರು: "ಮಂಗಳ ಆಗೋ ಮುಂಚೆ ಎಬ್ಬಿಸ್ತದಲ್ಲ ಇದು?" ಮೇಡಂ ಯಕ್ಷಗಾನದ ಹುಚ್ಚಿನವರು. ಬೆಳಗಿನ ಜಾವ ಅರ್ಧ ಜನ ಚಾಪೆ ಮಡಚಿಕೊಂಡು ಹೊರಟರೂ, ಭಾಗವತರು ಮಂಗಳ ಹಾಡುವವರೆಗೆ ಏಳುವವರಲ್ಲ. ಜಪಾನಿ ಅಕ್ಷರದಲ್ಲಿ ಮೇಲೇರುವ ಹೆಸರುಗಳಲ್ಲಿ ಒಂದೂ ಓದಲು ಬರದಿದ್ದರೂ ಅವರಿಗೆ ಅದು ಬೇಕು. "ಇಷ್ಟು ಜನ ಕೂತು ಚಿತ್ರ ಬಿಡಿಸಿದ್ದಾರೆ. ನಾವು ಎದ್ದು ಹೋಗೋದಾ?" ಹಾಗೆ ಕೂತದ್ದರಿಂದಲೇ ಗೊತ್ತಾಗಿದ್ದು, ಕೆಲವು ಸರಣಿಯಲ್ಲಿ ಹಾಡು ಮುಗಿದ ಮೇಲೂ ಚಿಕ್ಕ ದೃಶ್ಯವೊಂದು ಇರುತ್ತದೆ ಅಂತ. ನಾನು ಒಂದು ಇಡೀ ಸರಣಿಯನ್ನು ಅದಿಲ್ಲದೆ ನೋಡಿದ್ದೆ.

ಮುಂದಿನ ಭಾಗ ತಾನಾಗಿ ಓಡುವ ಈ ಆಟೋಪ್ಲೇ ನಿಲ್ಲಿಸುವ ಬಟನ್ ಸೆಟ್ಟಿಂಗಿನಲ್ಲಿ ಎಲ್ಲೋ ಹುದುಗಿದೆ. ಹತ್ತನೇ ಕ್ಲಾಸಿನ ಹುಡುಗನೊಬ್ಬ ಹುಡುಕಿಕೊಟ್ಟ. ಆದರೆ ನನ್ನ ಫೋನಿನಲ್ಲಿ ಪ್ರತಿ ಅಪ್‌ಡೇಟ್ ಆದ ಮೇಲೂ ಅದು ತಾನಾಗಿ ಮತ್ತೆ ಆನ್. ದೂರು ಬರೆದೆ. 'ನಿಮ್ಮ ಅಭಿಪ್ರಾಯ ನಮಗೆ ಮುಖ್ಯ' ಎಂದು ಉತ್ತರ ಬಂತು. ನಮ್ಮ ಇಲಾಖೆಯ ಪತ್ರವೇ ಎಷ್ಟೋ ವಾಸಿ.

ಈ ವರ್ಷ ಮೇ 31ಕ್ಕೆ ಮೇಡಂ ನಿವೃತ್ತರಾದರು. ಹುಟ್ಟಿದ್ದು ದೀಪಾವಳಿಗೆ. ಶಾಲೆಗೆ ಸೇರಿಸುವಾಗ ಅಂದಿನ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟಿದ್ದರಂತೆ, ಆ ಕಾಲದ ಅರ್ಧ ಊರಿಗೆ ಬರೆದ ಹಾಗೆ. ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆ ದಿನವೇ ನಿವೃತ್ತಿ. ಜಪಾನಿನಲ್ಲಿ ಟೀಚರನ್ನು ಕರೆಯುವ 'ಸೆನ್ಸೇ' ಪದದ ಅಕ್ಷರಗಳಿಗೆ 'ಮೊದಲು ಹುಟ್ಟಿದವರು' ಎಂಬ ಅರ್ಥ ಅಂತ ನಾನು ಹೇಳಿದ್ದೆ. "ಹಾಗಾದ್ರೆ ನಾನು ದಾಖಲೆಯಲ್ಲಿ ಐದು ತಿಂಗಳು ಜಾಸ್ತಿ ಸೆನ್ಸೇ" ಎಂದಿದ್ದರು.

ಜಪಾನಿನಲ್ಲಿ 1969ರಿಂದ ಭಾನುವಾರ ಸಂಜೆ ಬರುತ್ತಲೇ ಇರುವ ಅನಿಮೆ ಒಂದಿದೆ, 'ಸಜಾಯೆ-ಸಾನ್' ಅಂತ. ಅದು ಮುಗಿಯುವಾಗ ನಾಳೆ ಸೋಮವಾರ ಅಂತ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುವುದಕ್ಕೆ ಅಲ್ಲಿಯ ಜನ ಅದರ ಹೆಸರಿನಲ್ಲೇ ಒಂದು ಕಾಯಿಲೆ ಹೆಸರು ಮಾಡಿಕೊಂಡಿದ್ದಾರೆ. ಇದನ್ನು ಹೇಳಿದಾಗ ಮೇಡಂ ಒಲೆಯ ಕೊಳ್ಳಿ ಒಳಗೆ ತಳ್ಳಿದರು. "ನಂಗಿನ್ನು ಸೋಮವಾರನೇ ಇರಲ್ವಲ್ಲೇ" ಎಂದರು. ನಗುತ್ತಲೇ ಹೇಳಿದ್ದು. ನಾನು ಆ ಭಾಗವನ್ನು ಮತ್ತೆ ಮೊದಲಿನಿಂದ ಹಾಕಿದೆ.

ಈಗ ಅವರು ಶಿವಮೊಗ್ಗದಲ್ಲಿ, ವಿನೋಬನಗರದ ಮಗನ ಮನೆಯಲ್ಲಿದ್ದಾರೆ. ಅಲ್ಲಿ ಗೀಸರ್, ಗೋಡೆಯಷ್ಟು ದೊಡ್ಡ ಟಿವಿ. ಹೊರಡುವ ದಿನ ನನ್ನ ಪಾಸ್‌ವರ್ಡ್ ಬರೆದುಕೊಂಡು ಹೋದರು. ಮೊದಲ ಸೋಮವಾರ ಹತ್ತು ಗಂಟೆಗೆ ಫೋನ್. "ಪ್ರಾರ್ಥನೆ ಮುಗೀತಾ?" ಅಷ್ಟೇ ಕೇಳಿ ಇಟ್ಟರು.

ಇಲ್ಲಿ ಆ್ಯಪಿನ ಎರಡನೇ ತಪ್ಪು ಬರುತ್ತದೆ. ನನ್ನ ಅಗ್ಗದ ಪ್ಲಾನಿನಲ್ಲಿ ಒಂದೇ ಪ್ರೊಫೈಲ್. ಇಬ್ಬರು ಒಂದೇ ಸರಣಿ ನೋಡಿದರೆ ಯಾರು ಎಲ್ಲಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮನೆಮಂದಿಯೆಲ್ಲ ಹಂಚಿಕೊಂಡು ನೋಡುವವರು ಇದನ್ನು ತಗೊಳ್ಳಬೇಡಿ, ಜಗಳ ಖಂಡಿತ. ನಾನು ಪ್ಲಾನ್ ಬದಲಿಸುವ ಯೋಚನೆಯಲ್ಲಿದ್ದೆ, ದುಡ್ಡು ಕಟ್ಟುವ ಪುಟದವರೆಗೂ ಹೋಗಿದ್ದೆ. ವಾಪಸ್ ಬಂದೆ.

ನಿನ್ನೆ ಸಂಜೆ ಒಲೆ ಹಚ್ಚಿ ಆ್ಯಪ್ ತೆರೆದೆ. ನಾನು ಐದನೇ ಭಾಗದಲ್ಲಿದ್ದೆ. ಅದು ಏಳನೇ ಭಾಗ, ಹನ್ನೆರಡನೇ ನಿಮಿಷ ತೋರಿಸಿತು. ಮೇಡಂ ಮಧ್ಯದಲ್ಲಿ ಊಟಕ್ಕೋ, ಮೊಮ್ಮಗಳ ಲೆಕ್ಕ ನೋಡಲಿಕ್ಕೋ ಎದ್ದಿರಬೇಕು. ಐದಕ್ಕೆ ಹೋದರೆ ಅವರ ಜಾಗ ತಪ್ಪುತ್ತದೆ. ಫೋನ್ ಕವುಚಿಟ್ಟು, ಸಿಪ್ಪೆ ಇನ್ನೊಂದು ಹಿಡಿ ಹಾಕಿದೆ.