ಡಿಕ್ಕಿ ತೆರೆದು ಕೇಳಿಸುವ ಬೇಸ್ ನಂಬಿ ಸಬ್‌ವೂಫರ್ ಹಾಕಿಸಬೇಡಿ

ಸೆಡಾನ್ ಕಾರಿಗೆ ಸಬ್‌ವೂಫರ್, ಅಂದರೆ ಬೇಸ್ ಕೊಡೋಕೆಂದೇ ಇರುವ ಸ್ಪೀಕರ್, ಹಾಕಿಸುವ ಯೋಚನೆ ಇದೆಯಾ? ಅಂಗಡಿಯವರು ಡ್ರಿಲ್ಲಿಂಗ್ ಮೆಷಿನ್ ಕೈಗೆತ್ತಿಕೊಳ್ಳುವ ಮೊದಲು ಇದನ್ನೊಮ್ಮೆ ಓದಿ. ಯಾವ ಬ್ರ್ಯಾಂಡ್, ಎಷ್ಟು ವ್ಯಾಟ್ ಅಂತ ಎಲ್ಲರೂ ಕೇಳುತ್ತಾರೆ. ಆ ಸ್ಪೀಕರ್ ಇರುವ ಡಬ್ಬ ಕಾರಿನಲ್ಲಿ ಎಲ್ಲಿ ಕೂರುತ್ತದೆ, ಅದರ ಕೋನ್ (ಶಬ್ದ ಹೊರಡಿಸುವ ಬಟ್ಟಲಿನಂಥ ಮುಖ) ಯಾವ ಕಡೆ ನೋಡುತ್ತದೆ ಅಂತ ಕೇಳುವವರು ಕಡಿಮೆ. ನಾನು ಅದನ್ನೂ ಕೇಳಿದ್ದೆ. "ಅದೆಲ್ಲ ನಮ್ಗೆ ಬಿಡಿ ಸಾರ್, ದಿನಾ ಮಾಡೋ ಕೆಲಸ" ಅಂದರು. ಆಮೇಲೆ ಆಗಿದ್ದು ಇಷ್ಟು.

ಅಂಗಡಿಯ ಮುಂದೆ ಒಂದು ಡೆಮೊ ಕಾರು ನಿಂತಿತ್ತು. ಡಿಕ್ಕಿ ಪೂರ್ತಿ ತೆರೆದು, ನಮ್ಮನ್ನು ಅದರ ಹಿಂದೆ ನಿಲ್ಲಿಸಿ ಹಾಡು ಹಾಕಿದರು. ಎದೆಗೆ ಗುದ್ದಿದ ಹಾಗೆ ಬೇಸ್ ಬಂತು. ಒಪ್ಪದೇ ಇರೋಕೆ ಆಗುತ್ತಾ? ಆದರೆ ನಾವು ಕಾರನ್ನು ಡಿಕ್ಕಿ ತೆರೆದುಕೊಂಡು, ಅದರ ಹಿಂದೆ ನಿಂತುಕೊಂಡು ಓಡಿಸುವುದಿಲ್ಲ ಅಲ್ವಾ? ಗಾಜು ಏರಿಸಿ, ಡಿಕ್ಕಿ ಮುಚ್ಚಿ, ಸ್ಟೀರಿಂಗ್ ಮುಂದೆ ಕೂತರೆ ಕೇಳಿಸುವುದೇ ಬೇರೆ. ಸೆಡಾನಿನಲ್ಲಂತೂ ಪೂರಾ ಬೇರೆ.

ನನ್ನ ಕಾರಿಗೆ ಹಾಕಿದ್ದು 12 ಇಂಚಿನ ಸಬ್‌ವೂಫರ್, ಎಂಡಿಎಫ್ ಹಲಗೆಯ ಡಬ್ಬ. ಡಬ್ಬವನ್ನು ಹಿಂದಿನ ಸೀಟಿಗೆ ಒತ್ತಿಟ್ಟು, ಕೋನನ್ನು ಸೀಟಿನ ಕಡೆಗೇ ತಿರುಗಿಸಿ, ಡಿಕ್ಕಿಯ ನೆಲಕ್ಕೆ ಎಲ್ ಕ್ಲಾಂಪ್ ಹಾಕಿ ಸ್ಕ್ರೂ ಬಿಗಿದರು. ಮುಂದೆ ಕೂತವರ ಕಡೆಗೆ ಮುಖ ಮಾಡಿದರೆ ಶಬ್ದ ಮುಂದಕ್ಕೆ ಹೋಗುತ್ತದೆ ಅನ್ನೋದು ಅವರ ಲೆಕ್ಕ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಆ ಸೀಟಿನ ಬೆನ್ನಿಗೆ ದಪ್ಪ ತಗಡು ಇದೆ, ಅದರ ಮೇಲೆ ಫೋಮು, ಅದರ ಮೇಲೆ ಸೀಟ್ ಕವರ್. ಮೇಲ್ಗಡೆ ಪಾರ್ಸೆಲ್ ಶೆಲ್ಫ್, ಅಂದರೆ ಹಿಂದಿನ ಗಾಜಿನ ಕೆಳಗಿನ ಹಲಗೆ. ಸಬ್‌ವೂಫರ್ ಒಂದು ಮುಚ್ಚಿದ ಕೋಣೆಯಲ್ಲಿ ಕೂತು ಒಬ್ಬನೇ ಕೂಗುತ್ತಿತ್ತು.

ಮನೆಗೆ ಬಂದು ಡೊಳ್ಳು ಕುಣಿತದ ಒಂದು ರೆಕಾರ್ಡಿಂಗ್ ಹಾಕಿದೆ. ಕೋಲು ಚರ್ಮಕ್ಕೆ ತಾಗುವ ಟಕ್ ಶಬ್ದ ಬಾಗಿಲಿನ ಸ್ಪೀಕರಿನಿಂದ ಚೆನ್ನಾಗಿಯೇ ಬಂತು. ಅದರ ಹಿಂದೆ ಬರಬೇಕಾದ ಧುಂ ಇಲ್ಲವೇ ಇಲ್ಲ. ಅದರ ಬದಲು ಹಿಂದುಗಡೆ ನಂಬರ್ ಪ್ಲೇಟ್ ಗರ್ ಅಂತಿತ್ತು, ಡಿಕ್ಕಿಯ ಬಾಗಿಲು ನಡುಗುತ್ತಿತ್ತು. ಕಾಂಪೌಂಡಿನ ಹೊರಗಿದ್ದ ಪಕ್ಕದ ಮನೆಯ ಹುಡುಗನಿಗೆ ಬೇಸ್ ಸಕತ್ತಾಗಿ ಕೇಳಿಸಿತಂತೆ. ದುಡ್ಡು ಕೊಟ್ಟವನು ನಾನು, ಕೇಳಿಸಿಕೊಂಡವನು ಅವನು.

ವಾಪಸ್ ಅಂಗಡಿಗೆ ಹೋದರೆ ಜಾಗ ಬದಲಾಯಿಸುವ ಮಾತೇ ಇಲ್ಲ. ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರಿನ (ಆಂಪ್) ಗೇನ್ ತಿರುವಿ ಕೊನೆಗೆ ತಂದಿಟ್ಟರು, ಬೇಸ್ ಬೂಸ್ಟ್ ಪೂರ್ತಿ ಏರಿಸಿದರು. "ಈಗ ನೋಡಿ ಸಾರ್!" ಜಾಸ್ತಿ ಆಗಿದ್ದು ನಂಬರ್ ಪ್ಲೇಟಿನ ಗಲಾಟೆ. ಜೊತೆಗೆ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಡಿಕ್ಕಿಯಿಂದ ಸುಟ್ಟ ವಾರ್ನಿಷ್ ಥರದ ವಾಸನೆ. ಅದು ಕೋನಿನ ಹಿಂದಿರುವ ಕಾಯಿಲ್ ಕಾಯುತ್ತಿರುವ ವಾಸನೆ. ಇದು ನಿಮ್ಮ ಮೂಗಿಗೆ ಬಂದರೆ ತಕ್ಷಣ ಆಫ್ ಮಾಡಿ. ಗೇನ್ ಅನ್ನೋದು ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು ಅದು. ಮಿತಿ ಮೀರಿಸಿದರೆ ಆಂಪ್ ಅಲೆಯ ತಲೆ ಕತ್ತರಿಸಿ ಕಳಿಸುತ್ತದೆ, ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ನನ್ನ ಭಾವ ಮದುವೆ, ಜಾತ್ರೆಗಳಿಗೆ ಸೌಂಡ್ ಸರ್ವಿಸ್ ಕೊಡುವವರು. ಅವರ ಹತ್ತಿರ ತೋರಿಸಿದಾಗ ಮೊದಲು ಮಾಡಿದ ಕೆಲಸ ಅಂದರೆ ಹಿಂದಿನ ಸೀಟಿನ ಒಂದು ಭಾಗ ಮಡಚಿದ್ದು. ಅಷ್ಟೇ. ಅದೇ ಹಾಡು, ಅದೇ ವಾಲ್ಯೂಮ್, ಧುಂ ನೇರ ಮುಂದಿನ ಸೀಟಿಗೆ ಬಂತು. "ನಿನ್ನ ಸಬ್‌ವೂಫರ್ ಸರಿ ಇದೆ ಮಾರಾಯ, ಗೋಡೆ ಅಡ್ಡ ಇದೆ" ಅಂದರು. ನಿಮ್ಮ ಕಾರಿನಲ್ಲೂ ಇದನ್ನು ಮಾಡಿ ನೋಡಬಹುದು. ಸೀಟು ಮಡಚಲು ಬರದ ಕಾರಾದರೆ, ಪಾರ್ಸೆಲ್ ಶೆಲ್ಫಿನ ಹಿಂದಿನ ಸ್ಪೀಕರುಗಳನ್ನು ತಾತ್ಕಾಲಿಕವಾಗಿ ಬಿಚ್ಚಿ ಆ ತೂತುಗಳಿಂದ ಗಾಳಿ ಒಳಗೆ ಬರುವ ಹಾಗೆ ಮಾಡಿ ಕೇಳಿ. ಬೇಸ್ ದಿಢೀರನೆ ಬಂದರೆ ಹೊಸ ಆಂಪಿಗೆ ದುಡ್ಡು ಸುರಿಯುವ ಅಗತ್ಯ ಇಲ್ಲ.

ಆಮೇಲೆ ಅವರು ಟೇಪ್ ತೆಗೆದರು. ಕೋನಿನಿಂದ ಡಿಕ್ಕಿಯ ಕೊನೆಯ ತಗಡಿನವರೆಗೆ ಅಳೆದರೆ ಒಂದು ಮೀಟರಿಗಿಂತ ಚೂರು ಜಾಸ್ತಿ. ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳದೆ ಓದಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 80 ಹರ್ಟ್ಸ್ ಅಂದರೆ ಸೆಕೆಂಡಿಗೆ 80 ಅಲೆ. ಭಾಗಿಸಿದರೆ ಒಂದು ಅಲೆಯ ಉದ್ದ 4.3 ಮೀಟರ್ ಹತ್ತಿರ. ಕೋನಿನಿಂದ ಸುತ್ತಲೂ ಹರಡಿ ಹಿಂದಕ್ಕೆ ಹೋದ ಅಲೆ ತಗಡಿಗೆ ಬಡಿದು ವಾಪಸ್ ಬರುವಾಗ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ ಓಡಿರುತ್ತದೆ, ಅಂದರೆ ಅರ್ಧ ಅಲೆ. ಅಷ್ಟು ಹೊತ್ತಿಗೆ ಕೋನ್ ಹೊಸದಾಗಿ ಕಳಿಸುತ್ತಿರುವ ಅಲೆ ಇದಕ್ಕೆ ಉಲ್ಟಾ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಡೊಳ್ಳಿನ ಗುದ್ದು ಇರುವುದೇ ಈ 80 ಹರ್ಟ್ಸ್ ಆಸುಪಾಸಿನಲ್ಲಿ, ಅದಕ್ಕೇ ಅದು ಮಾಯ. ಗೇನ್ ಎಷ್ಟು ಏರಿಸಿದರೂ ಈ ಹಳ್ಳ ತುಂಬುವುದಿಲ್ಲ. ಯಾಕೆಂದರೆ ಹೋಗುವ ಅಲೆ ಜೋರಾದಷ್ಟೇ ಬರುವ ಅಲೆಯೂ ಜೋರಾಗುತ್ತದೆ.

ಪರಿಹಾರ ಏನು ಅಂದರೆ ಆ ದೂರ ಕಡಿಮೆ ಮಾಡೋದು. ಸ್ಕ್ರೂ ಬಿಚ್ಚಿ, ಉದ್ದ ವೈರ್ ಕೊಟ್ಟು, ಡಬ್ಬವನ್ನು ಡಿಕ್ಕಿಯ ಹಿಂಬದಿಗೆ ಎಳೆದು, ಕೋನನ್ನು ಹಿಂದಕ್ಕೆ, ಅಂದರೆ ಡಿಕ್ಕಿಯ ಬಾಗಿಲಿನ ಕಡೆಗೆ ತಿರುಗಿಸಿದೆವು. ಕೋನಿಗೂ ತಗಡಿಗೂ ಒಂದು ಗೇಣು ಜಾಗ. ಈಗ ತಗಡಿಗೆ ಬಡಿದು ಬರುವ ಅಲೆ ಹೆಚ್ಚುಕಡಿಮೆ ಜೊತೆಗೇ ಹೊರಡುತ್ತದೆ, ಎರಡೂ ಸೇರಿ ಮುಂದಕ್ಕೆ ಬರುತ್ತವೆ. ಮುಂದಿನ ಸೀಟಿನಲ್ಲಿ ಡೊಳ್ಳು ಸಿಕ್ಕಿತು. ಕೋನ್ ಬೆನ್ನು ತಿರುಗಿಸಿ ಕೂತರೆ ಬೇಸ್ ಮುಂದೆ ಬರುತ್ತದೆ ಅಂದರೆ ನಂಬೋಕೆ ಕಷ್ಟ, ನನಗೂ ಆಗಿತ್ತು. ಕೇಳಿ ನೋಡಬೇಕು ಅಷ್ಟೇ.

ಇನ್ನೊಂದು ದಾರಿ ಇದೆ. ಕೋನನ್ನು ಮುಂದಕ್ಕೇ ಇಟ್ಟು, ಮಡಚುವ ಸೀಟು ಅಥವಾ ಆರ್ಮ್‌ರೆಸ್ಟಿನ ಹಿಂದಿನ ಕಿಂಡಿಗೆ ಡಬ್ಬವನ್ನು ಕೂಡಿಸಿ, ಸುತ್ತ ಸಂದಿಯೆಲ್ಲ ಫೋಮ್ ಮತ್ತು ಹಲಗೆಯಿಂದ ಗಾಳಿ ನುಸುಳದ ಹಾಗೆ ಮುಚ್ಚೋದು. ಆಗ ಡಿಕ್ಕಿಗೆ ಬೇಸ್ ಹೋಗುವುದೇ ಇಲ್ಲ, ಎಲ್ಲ ಕ್ಯಾಬಿನ್ನಿಗೆ. ಇದು ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತದೆ. ಆದರೆ ತಾಳ್ಮೆಯ ಬಡಗಿ ಕೆಲಸ, ಎಲ್ಲ ಅಂಗಡಿಯವರೂ ಮಾಡಲ್ಲ. ಅರ್ಧಂಬರ್ಧ ಮುಚ್ಚಿದರೆ ನನ್ನ ಕಥೆಯೇ ಆಗುತ್ತದೆ.

ಹ್ಯಾಚ್‌ಬ್ಯಾಕ್, ಎಸ್‌ಯುವಿ ಇರೋರಿಗೆ ಈ ಗೋಡೆಯ ಕಾಟ ಇಲ್ಲ, ಡಿಕ್ಕಿ ಮತ್ತು ಕ್ಯಾಬಿನ್ ಒಂದೇ. ಅಲ್ಲೂ ಸಾಮಾನ್ಯವಾಗಿ ಹಿಂದಕ್ಕೆ ಮುಖ ಮಾಡಿದ್ದೇ ಚೆನ್ನಾಗಿರುತ್ತದೆ. ಆದರೂ ನಾಲ್ಕು ಕಡೆ ಇಟ್ಟು ಕೇಳಿಯೇ ತೀರ್ಮಾನಿಸಿ.

ಸೀಟಿನ ಕೆಳಗೆ ಇಡುವ ಚಪ್ಪಟೆ ಸಬ್‌ವೂಫರ್ ಬಗ್ಗೆ ಕೇಳುವವರಿಗೆ ಒಂದು ಮಾತು. ಜಾಗ ಉಳಿಯುತ್ತದೆ, ಬಾಗಿಲಿನ ಸ್ಪೀಕರಿಗೆ ಸ್ವಲ್ಪ ಬಲ ಬರುತ್ತದೆ, ಎದೆ ನಡುಗಿಸುವ ಬೇಸ್ ಮಾತ್ರ ನಿರೀಕ್ಷಿಸಬೇಡಿ. ಅಪಾಯ ಬೇರೆ ಇದೆ. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂದಿನ ಸೀಟಿನ ಕೆಳಗೆ ಹಳದಿ ಕನೆಕ್ಟರ್ ಇರುತ್ತದೆ. ಸಬ್‌ವೂಫರ್ ತುರುಕಲು ಜಾಗ ಮಾಡುವಾಗ ಅದನ್ನು ಎಳೆದಾಡಿದರೆ ಅಥವಾ ಇಗ್ನಿಷನ್ ಆನ್ ಇರುವಾಗ ಬಿಚ್ಚಿದರೆ ಏರ್‌ಬ್ಯಾಗ್ ದೀಪ ಹತ್ತಿಕೊಳ್ಳುತ್ತದೆ. ಆ ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳುತ್ತದೆ ಅಂತ ನಂಬುವ ಹಾಗಿಲ್ಲ. ಹಳದಿ ಕಂಡರೆ ಕೈ ಹಾಕಬೇಡ ಅಂತ ಅಂಗಡಿಯ ಹುಡುಗರಿಗೆ ಮೊದಲೇ ಹೇಳಿ.

ಇಲ್ಲಿಯವರೆಗೆ ಬರೆದದ್ದು ಕಿವಿಯ ಕಥೆ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಆ ಸ್ಕ್ರೂಗಳು.

ಡಬ್ಬ ಸೀಟಿನ ಹತ್ತಿರ ಕೂತಿದ್ದಾಗಲೇ ಒಮ್ಮೆ ಹಾಸನದ ಕಡೆ ಹೋಗುವಾಗ ರಾತ್ರಿ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿ ಇರುವುದು ಡಿಕ್ಕಿಯ ನೆಲದ ಕೆಳಗೆ. ಅದರ ಮುಚ್ಚಳದ ಮೇಲೆ ಅರ್ಧ ಭಾಗ ಡಬ್ಬ ಕೂತಿದೆ, ಕ್ಲಾಂಪ್ ನೆಲದ ತಗಡಿಗೆ ಬಿಗಿದಿದೆ. ಮುಚ್ಚಳ ಎತ್ತೋಕೆ ಆಗಲಿಲ್ಲ. ಕಾರಿನ ಜೊತೆ ಬರುವ ಟೂಲ್ ಕಿಟ್ಟಿನಲ್ಲಿ ಆ ಸ್ಕ್ರೂಗೆ ಹೊಂದುವ ಸ್ಪ್ಯಾನರ್ ಇಲ್ಲ. ಮನೆಯವರನ್ನೂ ಮಗುವನ್ನೂ ರಸ್ತೆ ಪಕ್ಕ ನಿಲ್ಲಿಸಿಕೊಂಡು, ನಿಂತ ಲಾರಿ ಡ್ರೈವರಣ್ಣನ ಹತ್ತಿರ ಸ್ಪ್ಯಾನರ್ ಇಸ್ಕೊಂಡು ಬಿಚ್ಚಬೇಕಾಯಿತು. "ಏನ್ ಸಾರ್, ಸ್ಟೆಪ್ನಿ ಮೇಲೆ ಗೋರಿ ಕಟ್ಸಿದೀರಾ?" ಅಂದ ಆ ಪುಣ್ಯಾತ್ಮ.

ಮುಂದೆ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಫೋನ್ ಮಾಡಿ ಕರೆಸಿದ. ಕಾರು ಲಿಫ್ಟಿನ ಮೇಲಿತ್ತು. ಟಾರ್ಚ್ ಹಿಡಿದು ತೋರಿಸಿದ. ನೆಲದ ತಗಡು ತೂರಿಕೊಂಡು ಸ್ಕ್ರೂಗಳ ಚೂಪು ತುದಿಗಳು ಕೆಳಗೆ ಇಣುಕುತ್ತಿದ್ದವು. ಒಂದರ ಪಕ್ಕದಲ್ಲೇ ಪೆಟ್ರೋಲ್ ತುಂಬಿಸುವ ದಪ್ಪ ರಬ್ಬರ್ ಪೈಪು. ನಡುವೆ ಒಂದು ಬೆರಳು ತೂರುವಷ್ಟೇ ಜಾಗ. ಇನ್ನೊಂದರ ಸುತ್ತ ಪೇಂಟ್ ಎದ್ದು ತುಕ್ಕಿನ ಉಂಗುರ, ಅಲ್ಲಿಂದ ಮಳೆನೀರು ಒಳಗೆ ಜಿನುಗಿ ಡಿಕ್ಕಿಯ ಕಾರ್ಪೆಟ್ ಅಡಿ ಒದ್ದೆ. ಅಷ್ಟು ದಿನ ಬರುತ್ತಿದ್ದ ಮುಗ್ಗಲು ವಾಸನೆಗೆ ಕಾರಣ ಸಿಕ್ಕಿತು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಬಹುಪಾಲು ಪೆಟ್ರೋಲ್ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೆ. ಡಬ್ಬವನ್ನು ಸೀಟಿಗೆ ಒತ್ತಿಟ್ಟು ಸ್ಕ್ರೂ ಹೊಡೆದರೆ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲದರ ಪಕ್ಕದಲ್ಲೇ ಕೈ ಹಾಕಿದ ಹಾಗೆ. ಸಿಎನ್‌ಜಿ ಕಾರಾದರೆ ಕೇಳುವುದೇ ಬೇಡ, ಸಿಲಿಂಡರಿನ ಬ್ರಾಕೆಟ್ಟಿಗೆ ಏನನ್ನೂ ಕಟ್ಟಿಸಬೇಡಿ.

ಹಾಗಂತ ಡಬ್ಬವನ್ನು ಕಟ್ಟದೇ ಸುಮ್ನೆ ಇಡುವುದೂ ತಪ್ಪು. 12 ಇಂಚಿನದು ಡಬ್ಬ ಸೇರಿ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಹಿಂದೆ ಕೂತ ಮಕ್ಕಳ ಬೆನ್ನಿಗೆ ಬಂದು ಬಡಿಯುತ್ತದೆ. ಈಗ ನನ್ನ ಡಬ್ಬವನ್ನು ಡಿಕ್ಕಿಯಲ್ಲಿ ಕಂಪನಿಯೇ ಕೊಟ್ಟಿರುವ ಕೊಂಡಿಗಳಿಗೆ ರ‍್ಯಾಚೆಟ್ ಬೆಲ್ಟಿನಿಂದ ಬಿಗಿದಿದ್ದೇವೆ, ತಳಕ್ಕೆ ವೆಲ್ಕ್ರೊ. ಸ್ಟೆಪ್ನಿ ಬೇಕಾದರೆ ಬೆಲ್ಟಿನ ಹಿಡಿ ಎಳೆದು, ಡಬ್ಬ ಎತ್ತಿ ಕೆಳಗಿಟ್ಟರೆ ಆಯಿತು. ಸ್ಕ್ರೂ ಬೇಕೇ ಬೇಕು ಅಂದರೆ ಕಾರನ್ನು ಲಿಫ್ಟಿಗೆ ಏರಿಸಿ, ಕೆಳಗೆ ಏನಿದೆ ಅಂತ ನಿಮ್ಮ ಕಣ್ಣಲ್ಲೇ ನೋಡಿದ ಮೇಲೆ ತೂತು ಹೊಡೆಸಿ. ಲಿಫ್ಟ್ ಇಲ್ಲದ ಅಂಗಡಿಯಲ್ಲಿ ನೆಲಕ್ಕೆ ತೂತು ಹೊಡೆಯಲು ಬಿಡಲೇಬೇಡಿ.

ಜಾಗ ಗೊತ್ತಾದ ಮೇಲೆ ಉಳಿದ ಸೆಟ್ಟಿಂಗ್ ಕಷ್ಟ ಅಲ್ಲ. ಆಂಪಿನಲ್ಲಿ ತಗ್ಗು ಸ್ವರ ಮಾತ್ರ ದಾಟಿಸುವ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್ ಹತ್ತಿರ ಇಡಿ. ಅದಕ್ಕಿಂತ ತುಂಬಾ ಮೇಲೆ ಇಟ್ಟರೆ ಬೇಸ್ ಹಿಂದಿನಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗಿಬಿಡುತ್ತದೆ, ಹಾಡು ಎರಡು ತುಂಡಾದ ಹಾಗೆ ಕೇಳುತ್ತದೆ. ಬೇಸ್ ಬೂಸ್ಟ್ ಸೊನ್ನೆ. ಅಲೆಯನ್ನು ಉಲ್ಟಾ ಮಾಡುವ ಫೇಸ್ ಸ್ವಿಚ್ ಇದ್ದರೆ 0 ಮತ್ತು 180 ಎರಡರಲ್ಲೂ ಡ್ರೈವರ್ ಸೀಟಿನಿಂದ ಕೇಳಿ, ಗುದ್ದು ಜಾಸ್ತಿ ಇರುವುದನ್ನು ಉಳಿಸಿಕೊಳ್ಳಿ. ನಂಬರ್ ಪ್ಲೇಟಿನ ಹಿಂದೆ ಫೋಮ್ ಟೇಪ್ ಅಂಟಿಸಿ, ಅದರ ಗರ್ ಅಲ್ಲಿಗೇ ನಿಲ್ಲುತ್ತದೆ.

ವ್ಯಾಟ್ ನೋಡಿ ಮರುಳಾಗಬೇಡಿ ಅನ್ನೋದನ್ನೂ ಸೇರಿಸಿಬಿಡುತ್ತೇನೆ. ಡಬ್ಬದ ಮೇಲೆ 1300 ವ್ಯಾಟ್ ಅಂತ ದೊಡ್ಡದಾಗಿ ಬರೆದಿರುತ್ತದೆ, ಆಂಪಿನಲ್ಲಿ ನೋಡಿದರೆ 25 ಆಂಪಿಯರ್ ಫ್ಯೂಸ್. ಕಾರಿನ ಕರೆಂಟು 14 ವೋಲ್ಟ್ ಹತ್ತಿರ. ಗುಣಿಸಿದರೆ 350 ವ್ಯಾಟ್, ಅದರಲ್ಲೂ ಒಂದಷ್ಟು ಬಿಸಿಯಾಗಿ ಹೋಗುತ್ತದೆ. 1300 ಎಲ್ಲಿಂದ ಬಂತು ಅಂತ ಕೌಂಟರಿನಲ್ಲೇ ಕೇಳಿ. ಹಾಗೇ, ಬ್ಯಾಟರಿಯಿಂದ ಹೊರಡುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಇನ್ನೊಂದು ಫ್ಯೂಸ್ ಇರಲೇಬೇಕು. ಆಂಪಿನಲ್ಲಿರುವ ಫ್ಯೂಸು ಆಂಪನ್ನು ಕಾಯುತ್ತದೆ. ದಾರಿಯಲ್ಲಿ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾಯುವುದು ಬ್ಯಾಟರಿ ಪಕ್ಕದ್ದು.

ಅಂಗಡಿಯವರು ಏನು ಮಾಡಿದರು ಅಂತ ಕೇಳುತ್ತೀರಿ. ಸ್ಕ್ರೂವಿನ ಫೋಟೊ ತೋರಿಸಿದೆ. "ಪೈಪಿಗೆ ತಾಗಿಲ್ವಲ್ಲ ಸಾರ್" ಅಂದರು. ತೂತು ಮುಚ್ಚಿಸಿ ತುಕ್ಕಿಗೆ ಪೇಂಟ್ ಹೊಡೆಸಿದ ಖರ್ಚು ನನ್ನದೇ. ಬಿಲ್ಲಿನಲ್ಲಿ "ಸಬ್‌ವೂಫರ್ ಫಿಟಿಂಗ್" ಅಂತ ಒಂದು ಸಾಲು ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಜಗಳ ಮುಂದುವರಿಸಲು ಹಿಡಿ ಸಿಗಲಿಲ್ಲ. ನೀವು ಹೋಗುವುದಾದರೆ ಬಿಲ್ಲಿನಲ್ಲಿ ಎರಡು ಮಾತು ಬರೆಸಿಕೊಳ್ಳಿ: ನೆಲಕ್ಕೆ ತೂತು ಹೊಡೆಯುವುದಿಲ್ಲ, ಬಾಗಿಲು ಡಿಕ್ಕಿ ಮುಚ್ಚಿ ಮುಂದಿನ ಸೀಟಿನಿಂದ ಕೇಳಿಸಿದ ಮೇಲೆಯೇ ಬಾಕಿ ಹಣ. ಬರೆಯಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗಿ.